ಡೇಟಾ ನೋಡಿಕೊಳ್ಳುವವರಿಗೆ ತರಬೇತಿ ಇದೆ, ಹುದ್ದೆ ಎಲ್ಲಿದೆ?

ಮನುಷ್ಯನ ಕೆಲವು ಜೀನ್‌ಗಳ ಹೆಸರು ಬದಲಾಗಿದ್ದು ಎಕ್ಸೆಲ್‌ನಿಂದ ಅಂದರೆ ನಂಬುವುದು ಕಷ್ಟ. ಆದರೆ ನಡೆದಿದ್ದು ಅದೇ. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಜೀನ್‌ಗಳಿದ್ದವು. ಶೀಟಿನಲ್ಲಿ ಆ ಹೆಸರು ಟೈಪ್ ಮಾಡಿದರೆ ಎಕ್ಸೆಲ್ ಸುಮ್ನೆ ಇರುತ್ತಿರಲಿಲ್ಲ. ಅದನ್ನು ತಾರೀಕು ಎಂದುಕೊಂಡು ಬದಲಾಯಿಸಿಬಿಡುತ್ತಿತ್ತು. 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಲೆಕ್ಕ ಹಾಕಿದರು. ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಂದರಲ್ಲಿ ಈ ತಪ್ಪಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಸೋತು ಹೊಸ ಹೆಸರುಗಳನ್ನು ಪ್ರಕಟಿಸಿತು. 2021ರಲ್ಲಿ ಮತ್ತೊಂದು ಎಣಿಕೆ ಬಂತು. ಹಿಂದಿನ ಕೆಲವು ವರ್ಷಗಳಲ್ಲಿ ತಪ್ಪು ಕಮ್ಮಿಯಾಗಿರಲಿಲ್ಲ, ನೂರಕ್ಕೆ ಸುಮಾರು 30ಕ್ಕೆ ಏರಿತ್ತು.

ಈ ಕಥೆ ಹೇಳಿ ನಗುವವರು ಜಾಸ್ತಿ. ಆದರೆ ಇದರಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಸಾವಿರಾರು ಪ್ರಬಂಧಗಳು ಲ್ಯಾಬ್‌ನಿಂದ ಹೊರಬಿದ್ದವು. ಗೈಡ್ ನೋಡಿದರು, ಸಹಲೇಖಕರು ನೋಡಿದರು, ಸಂಶೋಧನಾ ಪತ್ರಿಕೆಯವರು ನೋಡಿದರು. ಆ ಟೇಬಲ್ ಒಂದನ್ನು ತೆರೆದು ನೋಡುವುದು ಯಾರ ಕೆಲಸವಾಗಿತ್ತು? ಯಾರದೂ ಅಲ್ಲ. ಜೀನ್‌ಗೆ ಹೊಸ ಹೆಸರಿಡುವುದು ಜಗತ್ತಿಗೆ ಸುಲಭವಾಯಿತು. ಲ್ಯಾಬ್‌ಗಳಲ್ಲಿ ಈ ಕೆಲಸಕ್ಕೆಂದೇ ಒಬ್ಬರನ್ನು ಕೂರಿಸುವುದು ಕಷ್ಟವಾಯಿತು.

ಹಾಗೆ ಕೂರಬೇಕಾದವರನ್ನೇ ಈಗ ಡೇಟಾ ಸ್ಟೀವರ್ಡ್ ಎನ್ನುತ್ತಾರೆ. ಸಂಶೋಧನೆ ಶುರುವಾಗುವ ಮೊದಲೇ ಅವರ ಕೆಲಸ ಶುರುವಾಗುತ್ತದೆ. ಯಾವ ಡೇಟಾ ಬರುತ್ತದೆ, ಎಲ್ಲಿ ಇಡುತ್ತೀರಿ, ಯಾರಿಗೆ ತೋರಿಸುತ್ತೀರಿ, ರೋಗಿಗಳಿಂದ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದಲ್ಲಿ ಏನಿದೆ, ಐದು ವರ್ಷದ ಮೇಲೆ ಬೇರೊಬ್ಬರು ಈ ಫೈಲ್ ತೆರೆದರೆ ಕಾಲಂಗಳ ಅರ್ಥ ಆಗುತ್ತದಾ — ಇವನ್ನೆಲ್ಲ ಕೇಳುವವರು ಅವರು. ಕೇಳಿ ಬಿಟ್ಟುಬಿಡುವುದಿಲ್ಲ, ಜೊತೆಗೆ ಕೂತು ಸರಿಮಾಡುತ್ತಾರೆ. ಇದು ಐಟಿ ಸಪೋರ್ಟ್ ಅಲ್ಲ, ಡೇಟಾ ಸೈನ್ಸ್ ಕೂಡ ಅಲ್ಲ. ಇವರು ಡೇಟಾದಿಂದ ಫಲಿತಾಂಶ ತೆಗೆಯುವುದಿಲ್ಲ. ಬೇರೆಯವರು ತೆಗೆಯುವಂತೆ ಅದನ್ನು ಉಳಿಸುತ್ತಾರೆ.

ಉಳಿಸದಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ಲೆಕ್ಕ ಇದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 2ರಿಂದ 22 ವರ್ಷ ಹಳೆಯದಾದ 516 ಪ್ರಬಂಧಗಳ ಮೂಲ ಡೇಟಾ ಸಿಗುತ್ತದಾ ಎಂದು ಲೇಖಕರಿಗೇ ಬರೆದು ಕೇಳಿದರು. ಪ್ರಬಂಧಕ್ಕೆ ಒಂದೊಂದು ವರ್ಷ ವಯಸ್ಸಾದಂತೆ ಡೇಟಾ ಉಳಿದಿರುವ ಸಾಧ್ಯತೆ ನೂರಕ್ಕೆ 17ರಷ್ಟು ಬೀಳುತ್ತಾ ಹೋಗಿತ್ತು. ಇಮೇಲ್ ವಿಳಾಸ ಸತ್ತಿರುತ್ತದೆ, ಕಂಪ್ಯೂಟರ್ ಗುಜರಿಗೆ ಹೋಗಿರುತ್ತದೆ, ಫ್ಲಾಪಿ ಓದುವ ಯಂತ್ರವೇ ಇರುವುದಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಪಿಎಚ್‌ಡಿ ಮುಗಿಸಿದ ಹುಡುಗಿ ಕೆಲಸ ಸಿಕ್ಕಿ ಹೊರಟುಹೋಗುತ್ತಾಳೆ, ಅಷ್ಟೇ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಹತ್ತಿರದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೈ ಕಾಡಿನಲ್ಲಿ 50 ಹೆಕ್ಟೇರ್ ಜಾಗ ಗುರುತು ಮಾಡಿದರು. ಒಂದು ಸೆಂಟಿಮೀಟರ್‌ಗಿಂತ ದಪ್ಪ ಇರುವ ಪ್ರತಿ ಮರ, ಗಿಡಕ್ಕೂ ಲೆಕ್ಕ ಇಟ್ಟರು. ಸತ್ತಿದ್ದೆಷ್ಟು, ಹೊಸದಾಗಿ ಬಂದಿದ್ದೆಷ್ಟು ಎಂದು ವರ್ಷ ವರ್ಷ ನೋಡುವುದು, ನಾಲ್ಕು ವರ್ಷಕ್ಕೊಮ್ಮೆ ಕಾಂಡ ಅಳೆಯುವುದು. ಇಂಥ ಲೆಕ್ಕದ ಬೆಲೆ ಇರುವುದೇ ಅದರ ಉದ್ದದಲ್ಲಿ. 1988ರ ಸಾಲನ್ನು ಇಂದಿನ ಸಾಲಿನ ಪಕ್ಕ ಇಟ್ಟಾಗ ಮಾತ್ರ ಬರ, ಬೆಂಕಿ, ಆನೆ ಸೇರಿ ಕಾಡನ್ನು ಏನು ಮಾಡಿದವು ಅಂತ ಕಾಣುತ್ತದೆ. ಮಧ್ಯದಲ್ಲಿ ಯಾರೋ ಒಬ್ಬರು ಮರದ ನಂಬರ್ ಕೊಡುವ ರೀತಿ ಬದಲಾಯಿಸಿ ಎಲ್ಲೂ ಬರೆದಿಡದೇ ಹೋಗಿದ್ದರೆ? ಅಲ್ಲಿಗೆ ಹಿಂದಿನ ವರ್ಷಗಳ ಕೊಂಡಿ ಕಳಚಿಬೀಳುತ್ತಿತ್ತು.

ಹುದ್ದೆ ಮೊದಲು ಮಾಡಿದವರು

ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದು ನೆದರ್ಲೆಂಡ್ಸ್. 2014ರಲ್ಲಿ ಲೈಡನ್ ಊರಿನಲ್ಲಿ ನಡೆದ ಒಂದು ಕಮ್ಮಟದಿಂದ ಹುಟ್ಟಿ 2016ರಲ್ಲಿ ಪ್ರಕಟವಾದ ಫೇರ್ ತತ್ವಗಳು ಈಗ ಜಗತ್ತಿನ ತುಂಬಾ ಹಬ್ಬಿವೆ. ಡೇಟಾ ಹುಡುಕಿದರೆ ಸಿಗಬೇಕು, ಅದನ್ನು ಪಡೆಯುವ ದಾರಿ ಸ್ಪಷ್ಟವಾಗಿರಬೇಕು, ಬೇರೆ ಡೇಟಾ ಜೊತೆ ಹೊಂದಬೇಕು, ಮತ್ತೆ ಬಳಸಲು ಬರಬೇಕು. ಕೇಳೋಕೆ ಇಷ್ಟೇ. ಆದರೆ ಇದನ್ನು ಮಾಡೋರು ಯಾರು? ಅದೇ 2016ರಲ್ಲಿ ಯುರೋಪಿಯನ್ ಕಮಿಷನ್ ನೇಮಿಸಿದ್ದ ತಜ್ಞರ ಸಮಿತಿ ಉತ್ತರ ಕೊಟ್ಟಿತು. ಹತ್ತು ವರ್ಷದಲ್ಲಿ ಯುರೋಪಿಗೆ ಇಂಥ 5 ಲಕ್ಷ ಜನ ಬೇಕು, ಸಂಶೋಧನೆಗೆ ಮಾಡುವ ಖರ್ಚಿನಲ್ಲಿ ಸರಾಸರಿ ನೂರಕ್ಕೆ 5ರಷ್ಟನ್ನು ಡೇಟಾ ನೋಡಿಕೊಳ್ಳಲು ತೆಗೆದಿಡಿ ಎಂದಿತು. ಆ ಸಮಿತಿಯ ಅಧ್ಯಕ್ಷರಾಗಿದ್ದ ಬಾರೆಂಡ್ ಮೋನ್ಸ್ ಆಮೇಲೆ ಇದನ್ನು ಇನ್ನೂ ಸರಳ ಮಾಡಿದರು: 20 ಸಂಶೋಧಕರಿಗೆ ಒಬ್ಬ ಸ್ಟೀವರ್ಡ್.

5 ಲಕ್ಷ ಎನ್ನುವುದು ನನಗೆ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. ಆದರೆ ಆ ಸಂಖ್ಯೆಗಿಂತ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ ಮಾಡಿದ ಕೆಲಸ ಮುಖ್ಯ. 2017ರಲ್ಲಿ ಅವರು ತಮ್ಮ ಎಂಟೂ ವಿಭಾಗಗಳಿಗೆ ಒಬ್ಬೊಬ್ಬ ಡೇಟಾ ಸ್ಟೀವರ್ಡ್ ಬೇಕು ಎಂದು ಹೊರಟರು. ಹೊಂದಾಣಿಕೆಯ ಕೆಲಸ ಗ್ರಂಥಾಲಯದ್ದು. ಆದರೆ ಸ್ಟೀವರ್ಡ್ ಕೂರುವುದು ಗ್ರಂಥಾಲಯದಲ್ಲಿ ಅಲ್ಲ, ವಿಭಾಗದ ಒಳಗೆ. ವಿಮಾನದ ಎಂಜಿನಿಯರಿಂಗ್ ವಿಭಾಗಕ್ಕೆ ಆ ವಿಷಯ ಗೊತ್ತಿದ್ದವರು, ಕಟ್ಟಡ ವಿನ್ಯಾಸದ ವಿಭಾಗಕ್ಕೆ ಆ ಭಾಷೆ ಬಲ್ಲವರು. ತಾವೇ ಸಂಶೋಧನೆ ಮಾಡಿ ಪಿಎಚ್‌ಡಿ ಪಡೆದವರಿಗೆ ಆದ್ಯತೆ ಕೊಟ್ಟರು. ಕಾಫಿ ಕುಡಿಯುವಾಗ ಪಕ್ಕದಲ್ಲಿ ಸಿಗುವವರನ್ನು ಕೇಳುವುದು ಸುಲಭ. ಕ್ಯಾಂಪಸ್ಸಿನ ಇನ್ನೊಂದು ತುದಿಯಲ್ಲಿರುವ ಆಫೀಸಿಗೆ ಅರ್ಜಿ ಹಾಕುವುದು ಯಾರಿಗೂ ಬೇಡ.

ಗಮನಿಸಬೇಕಾದ್ದು ಏನೆಂದರೆ, ಅವರು ಕೋರ್ಸ್ ಶುರು ಮಾಡಿ ಜನ ಬರಲಿ ಎಂದು ಕಾಯಲಿಲ್ಲ. ಹುದ್ದೆ ಮಾಡಿದರು, ಜನ ಬಂದರು, ಬಂದವರು ಒಬ್ಬರಿಂದೊಬ್ಬರು ಕಲಿತರು. ಕಲಿಸುವುದು ಏನು ಎನ್ನುವುದು ಆ ಕೆಲಸದಿಂದಲೇ ತಿಳಿಯಿತು. ನಂತರ ಬಂದ ಡಚ್ ವರದಿಗಳು ಈ ಕೆಲಸದಲ್ಲಿ ಮೂರು ಬಗೆ ಗುರುತಿಸಿದವು. ಸಂಸ್ಥೆಯ ನಿಯಮ, ಧೋರಣೆ ರೂಪಿಸುವವರು ಒಂದು ಬಗೆ. ಸಂಶೋಧಕರ ಜೊತೆ ಕೂತು ಕೆಲಸ ಮಾಡುವವರು ಎರಡನೆಯದು. ಸರ್ವರ್, ರೆಪಾಸಿಟರಿ ಅಂದರೆ ಡೇಟಾ ಭಂಡಾರ ಕಟ್ಟುವವರು ಮೂರನೆಯದು. ಮೂರೂ ಒಬ್ಬರಿಂದಲೇ ಆಗಬೇಕು ಎಂದು ಜಾಹೀರಾತು ಕೊಡುವ ಸಂಸ್ಥೆಗಳಿಗೆ ಸಿಗುವುದು ಮೂರರಲ್ಲೂ ಅರ್ಧಂಬರ್ಧ ಬಲ್ಲವರು.

ಅಲ್ಲೂ ಎಲ್ಲ ಸಲೀಸಾಗಿ ಆಗಲಿಲ್ಲ. ಡಚ್ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ಹುದ್ದೆಗೂ ಒಂದು ವರ್ಗ, ಸಂಬಳದ ಶ್ರೇಣಿ ನಿಗದಿಯಾಗಿರುತ್ತದೆ. ಆ ಪಟ್ಟಿಯಲ್ಲಿ ಡೇಟಾ ಸ್ಟೀವರ್ಡ್ ಎಂಬ ಸಾಲೇ ಇರಲಿಲ್ಲ. ಹಾಗಾಗಿ ಒಂದು ಕಡೆ ಗ್ರಂಥಾಲಯ ಸಿಬ್ಬಂದಿ ಎಂದು, ಇನ್ನೊಂದು ಕಡೆ ಐಟಿ ಸಲಹೆಗಾರ ಎಂದು, ಮತ್ತೊಂದು ಕಡೆ ನೀತಿ ಅಧಿಕಾರಿ ಎಂದು ತೆಗೆದುಕೊಂಡರು. ಕೆಲಸ ಒಂದೇ, ಸಂಬಳ ಬೇರೆ ಬೇರೆ. ಬಡ್ತಿ ಸಿಕ್ಕರೆ ಎಲ್ಲಿಗೆ ಹೋಗಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಬಡ್ತಿಯ ಮೆಟ್ಟಿಲಿಲ್ಲದ ಕೆಲಸದಲ್ಲಿ ಬುದ್ಧಿವಂತರು ಎಷ್ಟು ದಿನ ನಿಲ್ಲುತ್ತಾರೆ?

ಕಲಿಸಬೇಕಾದ್ದು ಸಾಫ್ಟ್‌ವೇರ್ ಮಾತ್ರ ಅಲ್ಲ

ತರಬೇತಿಗೆ ಈಗ ಬರವಿಲ್ಲ. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಡೇಟಾ ಸ್ಟೀವರ್ಡ್ ಸರ್ಟಿಫಿಕೇಟ್ ಕೋರ್ಸ್ ಇದೆ. ಯುರೋಪಿನ ಹಲವು ದೇಶಗಳು ಸೇರಿ 2022ರಲ್ಲಿ ಶುರು ಮಾಡಿದ ಸ್ಕಿಲ್ಸ್ ಫಾರ್ ಇಒಎಸ್‌ಸಿ (ಯುರೋಪಿಯನ್ ಓಪನ್ ಸೈನ್ಸ್ ಕ್ಲೌಡ್) ಯೋಜನೆ ಈ ಕೆಲಸಕ್ಕೆ ಕನಿಷ್ಠ ಏನು ಬರಬೇಕು ಎಂಬ ಪಟ್ಟಿ ಮಾಡಿದೆ. ಕಾರ್ಪೆಂಟ್ರೀಸ್ ಎಂಬ ಸ್ವಯಂಸೇವಕರ ಬಳಗ ಸಂಶೋಧಕರಿಗೆ ಕೋಡಿಂಗ್, ಡೇಟಾ ಕೈಚಳಕ ಕಲಿಸುತ್ತಾ ಬಂದಿದೆ. ಪಾಠಗಳೂ ಬಿಟ್ಟಿಯಾಗಿ ಸಿಗುತ್ತವೆ.

ಇವುಗಳಲ್ಲಿ ಕಷ್ಟದ ಭಾಗ ಯಾವುದು ಗೊತ್ತಾ? ಮೆಟಾಡೇಟಾ, ಅಂದರೆ ಡೇಟಾದ ಬಗೆಗಿನ ವಿವರ ಬರೆಯುವ ಮಾನದಂಡಗಳನ್ನು ಬಾಯಿಪಾಠ ಮಾಡುವುದಲ್ಲ. ಅದನ್ನು ಓದಿಕೊಳ್ಳಬಹುದು. ಕಷ್ಟ ಇರುವುದು ಜನರ ಜೊತೆ. ಮೂವತ್ತು ವರ್ಷ ಅನುಭವದ ಪ್ರೊಫೆಸರ್ ಹತ್ತಿರ ಹೋಗಿ, ಸಾರ್, ಈ ಫೈಲ್‌ನಲ್ಲಿ 999 ಅಂತ ಇರುವುದು ಅಳತೆಯೋ, ಅಳತೆ ಸಿಗಲಿಲ್ಲ ಎನ್ನುವುದರ ಗುರುತೋ ಎಂದು ಕೇಳಬೇಕು. ಅವರು ಸಿಟ್ಟಾಗಬಾರದು, ಉತ್ತರವೂ ಸಿಗಬೇಕು. ಒಪ್ಪಿಗೆ ಪತ್ರದಲ್ಲಿ ಈ ಅಧ್ಯಯನಕ್ಕೆ ಮಾತ್ರ ಎಂದು ಬರೆದಿದ್ದರೆ, ಎಷ್ಟೇ ಒಳ್ಳೆಯ ಡೇಟಾ ಆದರೂ ಹೊರಗೆ ಕೊಡುವ ಹಾಗಿಲ್ಲ ಎಂದು ಖಡಾಖಂಡಿತವಾಗಿ ಹೇಳಬೇಕು. ಹೆಸರು ಅಳಿಸಿಬಿಟ್ಟರೆ ಗುರುತು ಹೋಗುತ್ತದೆ ಎಂದು ನಂಬುವವರಿಗೆ ವಿವರಿಸಬೇಕು: ಪಿನ್‌ಕೋಡ್, ವಯಸ್ಸು, ಅಪರೂಪದ ಕಾಯಿಲೆ ಮೂರೂ ಉಳಿದರೆ ಸಣ್ಣ ಊರಿನಲ್ಲಿ ಅದು ಯಾರು ಎಂದು ಅಂಗಡಿಯವರಿಗೂ ಗೊತ್ತಾಗುತ್ತದೆ.

ಹಾಗಾಗಿ ಎರಡು ದಿನದ ವರ್ಕ್‌ಶಾಪ್‌ನಿಂದ ಇದು ಬರುವುದಿಲ್ಲ. ಅನುಭವ ಇರುವ ಸ್ಟೀವರ್ಡ್ ಜೊತೆ ಆರು ತಿಂಗಳು, ವರ್ಷ ಓಡಾಡಿ, ನಿಜವಾದ ಪ್ರಾಜೆಕ್ಟ್‌ನ ನಿಜವಾದ ಗೊಂದಲದಲ್ಲಿ ಕೈ ಹಾಕಿದಾಗ ಬರುತ್ತದೆ. ಅಂಥ ಹಿರಿಯರು ಇರಬೇಕೆಂದರೆ ಹುದ್ದೆ ಇರಬೇಕು. ಮತ್ತೆ ಅಲ್ಲಿಗೇ ಬಂದೆವು.

ನಮ್ಮಲ್ಲಿ ಏನಿದೆ

ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೋದ ಬಾಹ್ಯಾಕಾಶ ವಿಜ್ಞಾನ ಡೇಟಾ ಕೇಂದ್ರವಿದೆ. ಚಂದ್ರಯಾನ, ಖಗೋಳ ವೀಕ್ಷಣೆಯ ಉಪಗ್ರಹ ಆಸ್ಟ್ರೋಸ್ಯಾಟ್ ಕಳಿಸಿದ ಡೇಟಾ ಅಲ್ಲಿ ಸೇರುತ್ತದೆ. ಕಚ್ಚಾ ಸಂಕೇತ ಹಂತ ಹಂತವಾಗಿ ವಿಜ್ಞಾನಿಗಳು ಬಳಸುವ ರೂಪಕ್ಕೆ ಬರುತ್ತದೆ. ಚಂದ್ರಯಾನ-2ರ ಡೇಟಾವನ್ನು ಗ್ರಹವಿಜ್ಞಾನಿಗಳು ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಪಿಡಿಎಸ್4 ಮಾದರಿಯಲ್ಲಿ ಜೋಡಿಸಿ 2020ರ ಕೊನೆಯಿಂದ ಸಾರ್ವಜನಿಕರಿಗೆ ಬಿಡತೊಡಗಿದರು. ಇದು ಅಲ್ಲಿ ಹೇಗೆ ಸಾಧ್ಯವಾಯಿತು? ಡೇಟಾ ಇಡುವುದು ಯೋಜನೆಯ ಒಂದು ಭಾಗ ಎಂದು ಮೊದಲೇ ಬರೆದಿರುತ್ತದೆ. ಇಸ್ರೋದಲ್ಲಿ ವಿಜ್ಞಾನಿ, ಎಂಜಿನಿಯರ್ ಶ್ರೇಣಿಗಳಿವೆ, ಬಡ್ತಿಯ ದಾರಿ ಇದೆ. ಉಪಗ್ರಹದ ಡೇಟಾ ನೋಡಿಕೊಳ್ಳುವವರ ಕೆಲಸ ಪ್ರಾಜೆಕ್ಟ್ ಮುಗಿದ ಕೂಡಲೇ ಹೋಗುವುದಿಲ್ಲ.

ಜೀವವಿಜ್ಞಾನದಲ್ಲೂ ಚಲನೆ ಇದೆ. ಸಾರ್ವಜನಿಕ ಹಣದ ಜೈವಿಕ ಡೇಟಾ ಹಂಚಿಕೊಳ್ಳಲು ಬಯೋಟೆಕ್ನಾಲಜಿ ಇಲಾಖೆ 2021ರಲ್ಲಿ ಬಯೋಟೆಕ್ ಪ್ರೈಡ್ ಮಾರ್ಗಸೂಚಿ ತಂದಿತು. 2022ರಲ್ಲಿ ಫರೀದಾಬಾದ್‌ನಲ್ಲಿ ಭಾರತೀಯ ಜೈವಿಕ ಡೇಟಾ ಕೇಂದ್ರ ಶುರುವಾಯಿತು. ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್, ಅಂದರೆ ಪೂರ್ತಿ ಆನುವಂಶಿಕ ಮಾಹಿತಿ ಓದಿತು. ಆ ಡೇಟಾ 2025ರ ಜನವರಿಯಿಂದ ಈ ಕೇಂದ್ರದ ಮೂಲಕ, ಷರತ್ತುಗಳೊಂದಿಗೆ ಸಂಶೋಧಕರಿಗೆ ಸಿಗುವಂತಾಯಿತು. ದೊಡ್ಡ ಯೋಜನೆಗಳಿಗೆ ಹೀಗೊಂದು ವ್ಯವಸ್ಥೆ ಆಗುತ್ತದೆ.

ಗೋಳಿರುವುದು ಸಾಮಾನ್ಯ ವಿಶ್ವವಿದ್ಯಾಲಯಗಳಲ್ಲಿ. ಮಣ್ಣು ಪರೀಕ್ಷೆ ಮಾಡುವ ವಿದ್ಯಾರ್ಥಿ, ಹಳ್ಳಿಯ ಹೆಣ್ಣುಮಕ್ಕಳ ರಕ್ತಹೀನತೆ ಬಗ್ಗೆ ಓಡಾಡಿ ಮಾಹಿತಿ ಸೇರಿಸಿದವರು, ಆಡುಮಾತು ರೆಕಾರ್ಡ್ ಮಾಡಿಕೊಂಡು ಬಂದ ಭಾಷಾವಿಜ್ಞಾನಿ — ಇವರ ಡೇಟಾ ಇರುವುದು ಸ್ವಂತ ಲ್ಯಾಪ್‌ಟಾಪಿನಲ್ಲಿ, ಪೆನ್‌ಡ್ರೈವ್‌ನಲ್ಲಿ, ಇಲ್ಲಾ ಫೈನಲ್, ಫೈನಲ್2, ಲಾಸ್ಟ್‌ಫೈನಲ್ ಎಂಬ ಹೆಸರಿನ ಫೋಲ್ಡರ್‌ಗಳಲ್ಲಿ. ಥೀಸಿಸ್ ಮಾತ್ರ ಶೋಧಗಂಗಾ ಎಂಬ ಥೀಸಿಸ್‌ಗಳ ಆನ್‌ಲೈನ್ ಭಂಡಾರದಲ್ಲಿ ಸೇರುತ್ತದೆ. ಅದರ ಹಿಂದಿನ ಡೇಟಾ ಕೇಳುವವರಿಲ್ಲ.

ನಿಯಮಗಳು ಬರುತ್ತಿಲ್ಲ ಎಂದಲ್ಲ. ಸರ್ಕಾರಿ ಡೇಟಾ ಹಂಚಿಕೆಯ ರಾಷ್ಟ್ರೀಯ ನೀತಿ 2012ರಷ್ಟು ಹಳೆಯದು. 2023ರ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯ್ತಿ ಇದೆ, ಆದರೆ ನಿಗದಿ ಮಾಡಿದ ಮಾನದಂಡ ಪಾಲಿಸಿದರೆ ಮಾತ್ರ. ಆರೋಗ್ಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್ಐಎಚ್ 2023ರ ಜನವರಿಯಿಂದ ಅನುದಾನ ಕೇಳುವವರೆಲ್ಲ ಡೇಟಾ ಯೋಜನೆ ಬರೆದು ಕೊಡಬೇಕು ಎಂದಿದೆ. ಅಲ್ಲಿನವರ ಜೊತೆ ಸೇರಿ ಕೆಲಸ ಮಾಡುವ ನಮ್ಮ ಲ್ಯಾಬ್‌ಗಳಿಗೂ ಅದರ ಬಿಸಿ ತಟ್ಟುತ್ತದೆ. ಮಾನದಂಡ ಪಾಲನೆಯಾಗಿದೆಯಾ ಎಂದು ನೋಡುವವರು ಯಾರು? ಸದ್ಯಕ್ಕೆ ಅದೇ ಪಿಎಚ್‌ಡಿ ವಿದ್ಯಾರ್ಥಿ, ರಾತ್ರಿ ಹನ್ನೊಂದಕ್ಕೆ. ಇದೇ ದೇಶ ಸಂಶೋಧನಾ ಪತ್ರಿಕೆಗಳನ್ನು ಓದಲು ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟಿದೆ. ಓದುವುದು ಬೇಡ ಎಂದಲ್ಲ. ನಾವೇ ಹುಟ್ಟಿಸಿದ್ದನ್ನು ಇಟ್ಟುಕೊಳ್ಳಲೂ ಅದರಲ್ಲಿ ಒಂದು ಪಾಲು ಬೇಕಿತ್ತು ಅಂತ ನನ್ನ ತಕರಾರು.

ರಂಗನಾಥನ್ ಹಿಡಿದ ದಾರಿ

ಒಂದು ಹೊಸ ವೃತ್ತಿಯನ್ನು ಶೂನ್ಯದಿಂದ ಕಟ್ಟಿದ ಅನುಭವ ನಮ್ಮ ದೇಶಕ್ಕೆ ಇದೆ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರಿಗೆ ಆ ಕೆಲಸ ಬೇಜಾರಾಗಿ, ವಾಪಸ್ ಪಾಠಕ್ಕೆ ಹೋಗಬೇಕೆಂದುಕೊಂಡಿದ್ದರಂತೆ. ಲಂಡನ್ನಿಗೆ ಹೋಗಿ ಕಲಿತು ಬಂದ ಮೇಲೆ ಮನಸ್ಸು ಬದಲಾಯಿತು. 1929ರಲ್ಲಿ ಮದ್ರಾಸಿನಲ್ಲಿ ಗ್ರಂಥಾಲಯ ತರಬೇತಿ ಶಾಲೆ ಶುರುವಾಯಿತು. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಇಲ್ಲಿಯೇ ಭಾರತೀಯ ಸಾಂಖ್ಯಿಕ ಸಂಸ್ಥೆಯಡಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಡಿಆರ್‌ಟಿಸಿ ಎಂದೇ ಎಲ್ಲರಿಗೂ ಗೊತ್ತಿರುವ ಅದು ಇಂದಿಗೂ ನಡೆಯುತ್ತಿದೆ.

ಅವರನ್ನು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಿಗಾಗಿ ನೆನೆಯುವುದು ವಾಡಿಕೆ. ನನಗೆ ಇಲ್ಲಿ ಬೇಕಾಗಿರುವುದು ಅವರ ಇನ್ನೊಂದು ಮುಖ. 1957ರಲ್ಲಿ ಯುಜಿಸಿ ನೇಮಿಸಿದ ಗ್ರಂಥಾಲಯ ಸಮಿತಿಗೆ ಅವರೇ ಅಧ್ಯಕ್ಷರು. ಆ ಸಮಿತಿ ಪಠ್ಯಕ್ರಮದ ಜೊತೆಗೆ ಸಂಬಳದ ವಿಷಯವನ್ನೂ ಎತ್ತಿತು. ಗ್ರಂಥಪಾಲಕರಿಗೆ ಅಧ್ಯಾಪಕರ ಸಮಾನ ಸ್ಥಾನ, ಸಮಾನ ವೇತನ ಬೇಕು ಎಂದಿತು. ಇವತ್ತಿನ ಯುಜಿಸಿ ಶ್ರೇಣಿಯಲ್ಲಿ ಅಸಿಸ್ಟೆಂಟ್ ಲೈಬ್ರೆರಿಯನ್ ಸೇರುವುದು ಅಸಿಸ್ಟೆಂಟ್ ಪ್ರೊಫೆಸರ್ ಸೇರುವ ಹತ್ತನೇ ಹಂತದಲ್ಲೇ. ವಿಶ್ವವಿದ್ಯಾಲಯದ ಲೈಬ್ರೆರಿಯನ್ ಇರುವುದು ಪ್ರೊಫೆಸರ್ ಇರುವ ಹದಿನಾಲ್ಕರಲ್ಲಿ. ಡಚ್ಚರು ಹುಡುಕಾಡಿದ ಮೆಟ್ಟಿಲು ನಮ್ಮಲ್ಲಿ ಕಾಗದದ ಮೇಲೆ ಸಿದ್ಧವಾಗಿಯೇ ಇದೆ.

ಆದ್ದರಿಂದ ಹೊಸ ಮಿಷನ್, ಹೊಸ ಪ್ರಾಧಿಕಾರ ಮಾಡಿ ಎಂದು ನಾನು ಹೇಳುವುದಿಲ್ಲ. ಇದೇ ಶ್ರೇಣಿಯಲ್ಲಿ ಡೇಟಾಕ್ಕೆಂದು ಒಂದು ಬಾಗಿಲು ತೆರೆಯಿರಿ. ಒಂದೇ ಷರತ್ತು: ಗ್ರಂಥಾಲಯ ವಿಜ್ಞಾನದ ಡಿಗ್ರಿ ಇದ್ದವರಿಗಷ್ಟೇ ಎಂದು ಬೀಗ ಹಾಕಬೇಡಿ. ಕೃಷಿಯಲ್ಲೋ, ಜೀವವಿಜ್ಞಾನದಲ್ಲೋ, ಸಮಾಜಶಾಸ್ತ್ರದಲ್ಲೋ ಪಿಎಚ್‌ಡಿ ಮಾಡಿ, ಡೇಟಾ ಕೆಲಸದಲ್ಲೇ ಮುಂದುವರಿಯಲು ಬಯಸುವವರೂ ಒಳಗೆ ಬರಲಿ. ಬಂದ ಮೇಲೆ ಒಂದು ವರ್ಷ ತರಬೇತಿ ಕೊಡಿ. ಗ್ರಂಥಪಾಲಕರ ಸಂಘಗಳು ಇದಕ್ಕೆ ಸಿಟ್ಟಾಗಬಹುದು. ಆದರೆ ವಿಷಯ ಗೊತ್ತಿಲ್ಲದವರ ಮಾತನ್ನು ಲ್ಯಾಬ್‌ನವರು ಕೇಳುವುದಿಲ್ಲ. ಡೆಲ್ಫ್ಟ್‌ನವರು ವಿಭಾಗದ ಒಳಗಿನವರನ್ನೇ ಹುಡುಕಿದ್ದು ಅದಕ್ಕೇ.

ಹಣ ಎಲ್ಲಿಂದ ಎನ್ನುವುದಕ್ಕೆ ಬ್ರಿಟನ್ನಿನ ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್‌ಗಳನ್ನು ನೋಡಬೇಕು. ಲ್ಯಾಬ್‌ಗಳಿಗೆ ಸಾಫ್ಟ್‌ವೇರ್ ಬರೆಯುವವರದ್ದೂ ಇದೇ ಪಾಡಾಗಿತ್ತು: ಪ್ರಬಂಧದಲ್ಲಿ ಹೆಸರಿಲ್ಲ, ಕೆಲಸಕ್ಕೆ ಭದ್ರತೆ ಇಲ್ಲ. 2012ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೂತು ತಮಗೊಂದು ಹೆಸರಿಟ್ಟುಕೊಂಡರು. 2019ರ ಹೊತ್ತಿಗೆ ಅವರದೇ ಸೊಸೈಟಿ ಆಯಿತು. ಆದರೆ ಅವರನ್ನು ಉಳಿಸಿದ್ದು ಬರೀ ಹೆಸರಲ್ಲ, ಲೆಕ್ಕದ ಒಂದು ಉಪಾಯ. ವಿಶ್ವವಿದ್ಯಾಲಯ ಒಂದು ತಂಡವನ್ನು ತಾನೇ ನೇಮಿಸಿಕೊಳ್ಳುತ್ತದೆ. ಪ್ರತಿ ಪ್ರಾಜೆಕ್ಟ್ ತನಗೆ ಬೇಕಾದಷ್ಟು ಸಮಯಕ್ಕೆ ಹಣ ಕೊಡುತ್ತದೆ. ಒಂದು ಪ್ರಾಜೆಕ್ಟ್‌ನ ಹತ್ತನೇ ಒಂದು ಪಾಲು, ಇನ್ನೊಂದರ ಐದನೇ ಒಂದು ಪಾಲು, ಹೀಗೆ ಸೇರಿ ಒಬ್ಬರ ಪೂರ್ತಿ ಸಂಬಳ ಆಗುತ್ತದೆ. ಪ್ರಾಜೆಕ್ಟ್ ಬರುತ್ತವೆ, ಹೋಗುತ್ತವೆ, ಮನುಷ್ಯ ಇರುತ್ತಾನೆ. ನಮ್ಮಲ್ಲಿ ಪ್ರಾಜೆಕ್ಟ್ ಬಜೆಟ್ಟಿನ ಮ್ಯಾನ್‌ಪವರ್ ಅಂದರೆ ಸಾಮಾನ್ಯವಾಗಿ ಆ ಪ್ರಾಜೆಕ್ಟ್‌ಗೇ ನೇಮಕವಾಗಿ, ಅದು ಮುಗಿದ ದಿನ ಮನೆಗೆ ಹೋಗುವ ವ್ಯಕ್ತಿ. ಡೇಟಾ ಯಾರಾದರೂ ನೋಡಿಕೊಳ್ಳಬೇಕಾದ ಕಾಲ ಶುರುವಾಗುವುದೇ ಅವತ್ತು ಅಲ್ವಾ?

ಎಐ ಬಂದಿದೆಯಲ್ಲ, ಅದೇ ಮಾಡುತ್ತದೆ ಎನ್ನುವವರೂ ಇದ್ದಾರೆ. ಕಾಲಂಗಳ ವಿವರಣೆಯ ಕರಡು ಬರೆಯಲು, ತಾರೀಕಾಗಿಹೋದ ಜೀನ್ ಹುಡುಕಲು ಅದು ನಿಜಕ್ಕೂ ಉಪಯೋಗ. ಆದರೆ 2009ರ ಮಳೆಗಾಲದಲ್ಲಿ ಎರಡು ವಾರ ಅಳತೆ ಯಾಕಿಲ್ಲ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಗೊತ್ತಿದ್ದವರನ್ನು ಹಿಡಿದು ಕೇಳಿ ಬರೆದಿಡಬೇಕು. ಅದಲ್ಲದೆ ಎಐನ ದೊಡ್ಡ ಗೆಲುವಿನ ಹಿಂದೆಯೇ ಇಂಥವರ ದುಡಿಮೆ ಇದೆ. ಪ್ರೋಟೀನ್‌ಗಳ ಆಕಾರ ಊಹಿಸುವ ಆಲ್ಫಾಫೋಲ್ಡ್ ಎಂಬ ಎಐ ಕಟ್ಟಿದವರಿಗೆ 2024ರ ರಸಾಯನವಿಜ್ಞಾನದ ನೊಬೆಲ್‌ನಲ್ಲಿ ಪಾಲು ಬಂತು. ಅದು ಕಲಿತದ್ದು ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ. 1971ರಲ್ಲಿ ಬರೀ ಏಳು ರಚನೆಗಳಿಂದ ಶುರುವಾದ ಆ ಭಂಡಾರದಲ್ಲಿ ಈಗ ಎರಡು ಲಕ್ಷಕ್ಕೂ ಜಾಸ್ತಿ ಇವೆ. ಹೊಸದಾಗಿ ಬರುವ ರಚನೆಗಳನ್ನು ಪರಿಶೀಲಿಸಿ, ಸರಿಪಡಿಸಿ ಒಳಗೆ ಸೇರಿಸಲು ಅಲ್ಲಿ ಸಂಬಳ ಪಡೆಯುವ ಕ್ಯುರೇಟರ್‌ಗಳಿದ್ದಾರೆ. ಬೇರೆ ಬೇರೆ ಲ್ಯಾಬ್‌ಗಳ ಪೆನ್‌ಡ್ರೈವ್‌ಗಳಲ್ಲೇ ಅವು ಉಳಿದಿದ್ದರೆ ಆಲ್ಫಾಫೋಲ್ಡ್ ಕಲಿಯುತ್ತಿದ್ದುದು ಯಾವುದರಿಂದ?

ಕರ್ನಾಟಕದ ಮಟ್ಟಿಗೆ ಶುರು ಮಾಡಲು ದೊಡ್ಡ ಬಂಡವಾಳ ಬೇಕಿಲ್ಲ. ಅನುದಾನದ ಜೊತೆ ಸಂಸ್ಥೆಗೆ ಬರುವ ಓವರ್‌ಹೆಡ್ ಹಣದಿಂದ ಒಂದು ಕೃಷಿ ವಿಶ್ವವಿದ್ಯಾಲಯ, ಒಂದು ಮೆಡಿಕಲ್ ಕಾಲೇಜು ಸೇರಿ ಇಬ್ಬರನ್ನು ನೇಮಿಸಬಹುದು. ಗುತ್ತಿಗೆ ಬೇಡ, ಖಾಯಂ ಹುದ್ದೆ. ಡಿಆರ್‌ಟಿಸಿಯಂಥ ಕಡೆ ಅವರ ತರಬೇತಿ, ಬ್ಯಾಲಾಳುವಿನಂಥ ಕಡೆ ಕೆಲವು ತಿಂಗಳು ಕೈಕೆಲಸ. ಮೊದಲ ಎರಡು ವರ್ಷ ಅವರಿಗೆ ಹೊಸ ಡೇಟಾ ಕೊಡುವುದೂ ಬೇಡ. ನಿವೃತ್ತಿಗೆ ಹತ್ತಿರ ಬಂದಿರುವ ಪ್ರೊಫೆಸರ್‌ಗಳ ಬೀರುವಿನಲ್ಲಿರುವ ನೋಟ್‌ಬುಕ್‌ಗಳಿಂದ, ಹಳೆಯ ಹಾರ್ಡ್‌ಡಿಸ್ಕ್‌ಗಳಿಂದ ಶುರು ಮಾಡಿಸಿದರೆ ಸಾಕು. ಅವುಗಳ ಅರ್ಥ ಹೇಳಬಲ್ಲವರು ಇನ್ನೂ ಕೆಲಸದಲ್ಲಿದ್ದಾರೆ.